ಜೆಸಿಬಿ ಇಳಿಯುವ ಮುನ್ನ ಹಳೆಯ ಕುಳಾಗರದ ಗುರುತು ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದು ನೆಲ ಬಿಗಿಯುತ್ತಿದ್ದಂತೆ ಗೋವಾದ ಒಳನಾಡಿನಲ್ಲಿ ಮಣ್ಣಿನ ಕೆಲಸ ಶುರುವಾಗುತ್ತದೆ. ಫೋಂಡಾ, ಸಾಂಗೆ, ಕೇಪೆ, ಕಾಣಕೋಣ, ಸತ್ತರಿಯ ಗುಡ್ಡದ ಬುಡಗಳಲ್ಲಿ ಜೆಸಿಬಿ ನಡೆಸುವವರು, ಚಿರೆಕಲ್ಲು ಕಟ್ಟುವ ಗೌಂಡಿಗಳು, ಪಾಯ ತೋಡುವವರು ಎಂದರೆ ಅವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯ ನಮ್ಮವರು ಬಹಳ ಮಂದಿ. ಅವರಿಗೆ ಸಿಗುವ ಅಪ್ಪಣೆ ಒಂದೇ: ‘ಜಂಗಲ್ ಇದೆ, ಸಪಾಟು ಮಾಡಿ.’ ಹಾಗೆ ಜಂಗಲ್ ಎನಿಸಿಕೊಂಡ ಎಷ್ಟೋ ಜಾಗ ಕಾಡೇ ಅಲ್ಲ. ನೀರು ತಪ್ಪಿ, ಆಳು ತಪ್ಪಿ, ಪಾಲುದಾರರ ಜಗಳದಲ್ಲಿ ಪಾಳುಬಿದ್ದ ಕುಳಾಗರ, ಅಂದರೆ ಗೋವಾದ ಅಡಿಕೆ ತೋಟ ಅದು. ಅದರ ಗುರುತು ಮೊದಲು ಬೀಳುವುದು ಯಂತ್ರದ ಮೇಲೆ ಕೂತವರ ಕಣ್ಣಿಗೆ. ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಬಕೆಟ್ಟು ಅದನ್ನು ತಿರುವಿ ಹಾಕಿರುತ್ತದೆ. ಆದ್ದರಿಂದ ಈ ಪತ್ರವನ್ನು ಅವರಿಗಾಗಿಯೂ ಇಲ್ಲಿ ಜಾಗ ಕೊಳ್ಳುವ ಕನ್ನಡಿಗರಿಗಾಗಿಯೂ ಬರೆಯುತ್ತಿದ್ದೇವೆ. ನೆಲ ಸಪಾಟು ಮಾಡುವ ಮೊದಲು ಆ ಗುರುತುಗಳನ್ನು ಅಳೆದು ಬರೆದುಕೊಳ್ಳಲು ನಾವು ಕೇಳುವುದು ಇಬ್ಬರು ಜನ, ಅರ್ಧ ದಿನ.

ಕುಳಾಗರ ಎಂದರೇನೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಅವರ ಅಡಿಕೆ ತೋಟಕ್ಕೆ ಇದು ಒಡಹುಟ್ಟು. ಗುಡ್ಡದಿಂದ ಇಳಿಯುವ ಝರಿ, ಅದರ ಕೆಳಗೆ ಒಂದು ಕೆರೆ ಅಥವಾ ಕಲ್ಲಿನ ತೊಟ್ಟಿ, ಅಲ್ಲಿಂದ ಕಾಲುವೆ (ಕೊಂಕಣಿಯಲ್ಲಿ ಪಾಟ್), ಕಾಲುವೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಅಡಿಕೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ವೀಳ್ಯದ ಬಳ್ಳಿ, ನಡುವೆ ಬಾಳೆ, ಬದುವಿನ ಮೇಲೆ ತೆಂಗು, ಅಂಚಿಗೆ ಹಲಸು, ಮಾವು, ಮುರುಗಲು, ಜಾಯಿಕಾಯಿ. ಕನ್ನಡ ಶಾಸನಗಳಲ್ಲಿ ದೇವರಿಗೆ ಗದ್ದೆ ಬಿಟ್ಟಂತೆಯೇ ತೋಂಟ, ಪೂದೋಂಟಗಳನ್ನು (ತೋಟ, ಹೂದೋಟ) ಮತ್ತರು, ಕಮ್ಮ ಎಂಬ ಹಳೆಯ ನೆಲದ ಅಳತೆಯ ಲೆಕ್ಕದಲ್ಲಿ ಬಿಟ್ಟದ್ದು ಕಾಣುತ್ತದೆ. ಗುಡಿಯ ಕಂಬವನ್ನು ಕಾಯುವ ನಾವು ಆ ಗುಡಿಗೆ ಅಡಿಕೆ, ಹೂವು ಕೊಟ್ಟ ನೆಲವನ್ನು ನೋಡದೆ ಬಿಡುತ್ತಿದ್ದೇವೆ ಎಂಬುದು ನಮ್ಮ ನೋವು.

ಮೊದಲ ತಪ್ಪು ಆಗುವುದು ಉಳಿದ ಮರಗಳನ್ನು ನೋಡಿ ತೋಟವನ್ನು ಅಂದಾಜು ಮಾಡುವುದರಲ್ಲಿ. ನೀರು ಕೊಡುವುದು ನಿಂತರೆ ವೀಳ್ಯದ ಬಳ್ಳಿ ಮೊದಲ ಬೇಸಿಗೆಯನ್ನೇ ದಾಟುವುದಿಲ್ಲ. ಬಾಳೆ ಕೆಲವು ವರ್ಷ ಎಳೆದಾಡಿ ಹೋಗುತ್ತದೆ. ಅಡಿಕೆ ಎರಡು ಮೂರು ಬೇಸಿಗೆಯಲ್ಲಿ ಸೊರಗಿ ತುದಿ ಬೀಳುತ್ತದೆ; ಬಿದ್ದ ಮರ ಕೆಲವೇ ಮಳೆಗಾಲಕ್ಕೆ ಮಣ್ಣಾಗುತ್ತದೆ, ಬೊಡ್ಡೆ ಕೂಡ ಉಳಿಯದು. ತೆಂಗು ವಾಲಿಕೊಂಡು ದಶಕಗಟ್ಟಲೆ ನಿಲ್ಲುತ್ತದೆ. ಮಾವು, ಹಲಸು, ಹುಣಸೆ ಎಲ್ಲಕ್ಕಿಂತ ಹೆಚ್ಚು ಬಾಳುತ್ತವೆ. ಹೀಗಾಗಿ ನೂರಾರು ಅಡಿಕೆ ಮರ ಇದ್ದ ಜಾಗದಲ್ಲಿ ಇಂದು ಕಾಣುವುದು ನಾಲ್ಕು ಮಾವಿನ ಮರ, ಮೇಲಂಚಿನಲ್ಲಿ ತಾನೇ ಹುಟ್ಟಿದ ಗೇರು. ನೋಡಿದವರು ‘ಹಳೆಯ ಮಾವಿನ ತೋಪು’ ಎಂದು ಬರೆದು ಮುಗಿಸುತ್ತಾರೆ. ಆ ನಾಲ್ಕು ಮಾವು ಎಲ್ಲಿ ನಿಂತಿವೆ ಎಂದು ನೋಡಬೇಕು. ಅಡಿಕೆಯ ಕಾಂಡಕ್ಕೆ ನೈರುತ್ಯದ ಇಳಿಬಿಸಿಲು ಆಗದು, ತೊಗಟೆ ಸುಟ್ಟು ಸೀಳುತ್ತದೆ. ಅದಕ್ಕೇ ಹಳೆಯವರು ತೋಟದ ದಕ್ಷಿಣಕ್ಕೂ ಪಶ್ಚಿಮಕ್ಕೂ ದೊಡ್ಡ ಮರ ಬೆಳೆಸುತ್ತಿದ್ದರು, ಇಲ್ಲವೇ ಗುಡ್ಡದ ನೆರಳು ಬೀಳುವ ಕಡೆ ತೋಟ ಹಾಕುತ್ತಿದ್ದರು. ಸಮತಟ್ಟಾದ ಹಾಳು ನೆಲದ ನೈರುತ್ಯದ ಅಂಚಿಗೆ ಮಾತ್ರ ಹಲಸು ಮಾವು ಸಾಲಾಗಿ ನಿಂತಿದ್ದರೆ, ಆ ಖಾಲಿ ನೆಲದಲ್ಲಿ ಅಡಿಕೆ ಇದ್ದಿತೇ ಎಂದು ಹುಡುಕಬೇಕು.

ಹುಡುಕುವುದು ಹಿಂದೆ ಸಸಿ ನೆಡಲು ತೋಡಿದ ಗುಂಡಿಗಳನ್ನು. ಅಡಿಕೆಯ ಅಂತರ ಸಾಮಾನ್ಯವಾಗಿ 2.7 ಮೀಟರ್, ಅಂದರೆ 9 ಅಡಿ. ಹೆಕ್ಟೇರಿಗೆ ಸುಮಾರು 1,370 ಮರ. ತೆಂಗಿಗೆ 7.5 ಮೀಟರ್, ಹೆಕ್ಟೇರಿಗೆ ಸುಮಾರು 177. ಕಸಿ ಮಾವಿಗೆ 10 ಮೀಟರ್, ಹೆಕ್ಟೇರಿಗೆ 100. ಹಳೆಯ ತೋಟಗಳನ್ನು ಕೋಲಿನಲ್ಲಿ ಅಳೆದು ಹಾಕಿದ್ದರಿಂದ ಗೇಣು ಮೊಳ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ತುಂಬಿದ ಗುಂಡಿಯ ಮಣ್ಣು ಕುಸಿದು ಐದಾರು ಅಂಗುಲದಷ್ಟು ತಗ್ಗಾಗಿರುತ್ತದೆ. ಒಣಗಿದ ನೆಲದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಮೊದಲ ಮಳೆಯ ಮಾರನೆಯ ದಿನ ನೀರು ನಿಂತು ತಾನೇ ತೋರುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಗುಂಡಿಯ ಮೇಲಿನ ಹುಲ್ಲು ಸುತ್ತಲಿನದಕ್ಕಿಂತ ತಡವಾಗಿ ಒಣಗುತ್ತದೆ, ಬೆಳಗಿನ ಓರೆ ಬಿಸಿಲಲ್ಲಿ ಹಸಿರು ಚುಕ್ಕಿಗಳ ಸಾಲು ಕಾಣುತ್ತದೆ. ಕನಿಷ್ಠ 10 ಅಂತರಗಳನ್ನು ಉದ್ದಕ್ಕೂ 10 ಅಡ್ಡಕ್ಕೂ ಅಳೆಯಿರಿ. ನಡುವಿನ ಗಿಡ ಸತ್ತು ಗುಂಡಿ ಅಳಿಸಿಹೋದ ಕಡೆ 5.4, 8.1 ಮೀಟರ್ ಬರುತ್ತದೆ. ಈ 8.1ನ್ನು ತೆಂಗಿನ 7.5 ಎಂದು ಎಣಿಸಿ ಅಡಿಕೆ ತೋಟವನ್ನು ತೆಂಗಿನ ತೋಟ ಮಾಡಿಬಿಡುವುದು ಸುಲಭ. ಅಂತರದ ಜೊತೆ ಗುಂಡಿಯ ಅಗಲವನ್ನೂ ಬರೆದುಕೊಂಡರೆ ಈ ತಪ್ಪು ಆಗುವುದಿಲ್ಲ: ಅಡಿಕೆಯದು 60ರಿಂದ 90 ಸೆಂ.ಮೀ., ತೆಂಗಿನದು 1ರಿಂದ 1.2 ಮೀಟರ್.

ಜೆಸಿಬಿ ಒಮ್ಮೆ ಅಂಚು ಕತ್ತರಿಸಿದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅಪರೇಟರ್ ಸಹೋದರರು ಇದನ್ನು ದಯವಿಟ್ಟು ಗಮನಿಸಬೇಕು. ಕೆಂಪು ಜಂಬಿಟ್ಟಿಗೆಯ (ಚಿರೆಕಲ್ಲಿನ ನೆಲದ) ಕಡಿದ ಮುಖದಲ್ಲಿ ಬಕೆಟಿನಾಕಾರವಾಗಿ ತುಂಬಿಕೊಂಡ ಕಪ್ಪು ಕಂದು ಬಣ್ಣದ ಮಣ್ಣು ಕಾಣುತ್ತದೆ. ಅದರ ತಳ ಚಪ್ಪಟೆಯಾಗಿದ್ದು, ಪಕ್ಕದ ಗೋಡೆಯಲ್ಲಿ ಹಾರೆಯ ಮೊನೆ ಎಳೆದ ಉದ್ದ ಗೀರುಗಳಿದ್ದರೆ ಅದು ಮನುಷ್ಯ ತೋಡಿದ ಗುಂಡಿ. ಕೆಳಗೆ ಹೋಗುತ್ತಾ ಸಣ್ಣದಾಗಿ ಕವಲೊಡೆದರೆ ಅದು ಬೇರು ಕೊಳೆತ ಜಾಗ, ಗುಂಡಿಯಲ್ಲ. ಗಟ್ಟಿ ಜಂಬಿಟ್ಟಿಗೆಯಲ್ಲಿ ತೆಂಗು ನೆಡುವಾಗ ತಳಕ್ಕೆ ತೆಂಗಿನ ಸಿಪ್ಪೆಯನ್ನು ಅಂಗಾತ ಜೋಡಿಸಿ ಮೇಲೆ ಮರಳು, ಮೇಲ್ಮಣ್ಣು ಹಾಕುವುದು ರೂಢಿ; ಸಿಪ್ಪೆ ತೇವ ಹಿಡಿದಿಡುತ್ತದೆ. ಕಲ್ಲು ಮೆತ್ತಗಾಗಲೆಂದು ಉಪ್ಪು ಹಾಕುವುದೂ ಉಂಟು. ಸಿಪ್ಪೆ ಕೊಳೆತು ಹೋದರೂ ತಳದಲ್ಲಿ ಒಂದೆರಡು ಬೆರಳು ದಪ್ಪದ ಕರಿ ಪದರ, ಅದರಲ್ಲಿ ನಾರಿನ ಎಳೆಯ ಅಚ್ಚು ಉಳಿದಿರುತ್ತದೆ. ಅದರ ಮೇಲೆ ಮೀನಿನ ಮುಳ್ಳು, ಚಿಪ್ಪು ಸಿಕ್ಕರೆ ಬೆರಗಾಗಬೇಡಿ, ಒಣ ಮೀನು ತೆಂಗಿಗೆ ಇಲ್ಲಿನ ಹಳೆಯ ಗೊಬ್ಬರ. ಆ ಮುಖವನ್ನು ಸಲಿಕೆಯಿಂದ ಒಮ್ಮೆ ನೇರ ಕೆರೆದು, ಪಕ್ಕದಲ್ಲಿ ಟೇಪು ಹಿಡಿದು ಒಂದು ಫೋಟೋ ತೆಗೆದರೆ ಐದು ನಿಮಿಷದ ಕೆಲಸ. ಸಂಜೆಯೊಳಗೆ ಆ ಮುಖವೇ ಇರುವುದಿಲ್ಲ.

ನೀರಿನ ದಾರಿಗೆ ಬೇಕಾದ ಉಪಕರಣ ಪ್ರತಿ ಗೌಂಡಿಯ ಚೀಲದಲ್ಲೇ ಇದೆ: ಪಾರದರ್ಶಕ ಲೆವೆಲ್ ಪೈಪು. ಹಳೆಯ ಕಾಲುವೆ ಎಂದು ಅನುಮಾನ ಬಂದ ತಗ್ಗಿನಲ್ಲಿ 10 ಮೀಟರಿಗೆ ಎಷ್ಟು ಇಳಿತ ಇದೆ ನೋಡಿ. 2ರಿಂದ 5 ಸೆಂ.ಮೀ. ಇದ್ದರೆ ಕಾಲುವೆ ಎನ್ನಲು ಆಧಾರ ಉಂಟು. ಅದಕ್ಕಿಂತ ಸಪಾಟಾದರೆ ಹೂಳು ತುಂಬುತ್ತದೆ, ಕಡಿದಾದರೆ ನೀರು ಮಣ್ಣನ್ನೇ ಕೊರೆಯುತ್ತದೆ. ಇಳಿತ 30 ಸೆಂ.ಮೀ. ಇದ್ದರೆ ಅದು ಮಳೆ ನೀರಿನ ಕೊರಕಲು ಅಥವಾ ದನದ ದಾರಿ. ಕಾಲುವೆ ಮೆಟ್ಟಿಲ ಗೋಡೆಯನ್ನು ದಾಟುವ ಕಡೆ ಒಂದು ತೋಡು ಕೊರೆದ ಕಲ್ಲು ಇರುತ್ತದೆ. ಆ ಕಲ್ಲನ್ನು ಪಾಯಕ್ಕೆ ಎತ್ತಿಕೊಂಡು ಹೋಗುವ ಮುನ್ನ ಅದು ಯಾವ ಕಡೆ ಬಾಯಿ ಮಾಡಿತ್ತು ಎಂದು ಬರೆದುಕೊಳ್ಳಿ. ಕಾಲುವೆಯ ಮಟ್ಟಕ್ಕಿಂತ ಕೆಳಗಿನದು ತೋಟ, ಮೇಲಿನದು ಸೊಪ್ಪು ತರುವ ಬೆಟ್ಟ. ಇದೊಂದು ಗೆರೆ ಸಿಕ್ಕರೆ ಇಡೀ ಜಾಗದ ಅರ್ಧ ಓದಿದಂತೆ.

ಪುಣೆ ಸುತ್ತಲಿನ ಸಾಸವಡ, ಜುನ್ನರ ಕಡೆ ಚಾರಣಕ್ಕೆ ಹೋಗುವ ಕನ್ನಡಿಗರೂ ಇದೇ ತರ್ಕ ಬಳಸಬಹುದು. ಅಲ್ಲಿ ಝರಿಯ ಬದಲು ಕಪಿಲೆ ಬಾವಿ, ಮರಾಠಿಯ ಮೋಟ್. ಬಾವಿಯ ಅಂಚಿನ ಕಲ್ಲಿನಲ್ಲಿ ಹಗ್ಗ ತಿಕ್ಕಿದ ಗೀರು, ಎತ್ತು ಇಳಿದು ಹೋಗುತ್ತಿದ್ದ ಇಳಿಜಾರು, ನೀರು ಬೀಳುವ ಕಲ್ಲಿನ ದೋಣಿ ಇವು ಉಳಿದಿರುತ್ತವೆ. ದೋಣಿಯ ಬಾಯಿಗಿಂತ ಎತ್ತರದ ನೆಲಕ್ಕೆ ಆ ಬಾವಿ ನೀರು ಕೊಡಲು ಸಾಧ್ಯವಿರಲಿಲ್ಲ. ಸಾತ್‌ಬಾರಾ ಉತಾರದಲ್ಲಿ (ಮಹಾರಾಷ್ಟ್ರದ ಪಹಣಿ) ಬಾಗಾಯತ, ಅಂದರೆ ತೋಟದ ಜಮೀನು, ಎಂದು ಬರೆದ ನೆಲ ದೋಣಿಯ ಕೆಳಗೇ ಬರುತ್ತದೆಯೇ ಎಂದು ಹೊಂದಿಸಿ ನೋಡಬಹುದು. ಒಂದು ಎಚ್ಚರಿಕೆ: ಗುಡ್ಡದ ಮೇಲೆ ಒಂದೇ ಮಟ್ಟದಲ್ಲಿ ತೋಡಿದ, ಸುಮಾರು 60 ಸೆಂ.ಮೀ. ಅಗಲದ ಉದ್ದುದ್ದ ಕಂದಕಗಳು ಸರ್ಕಾರದ ನೀರಿಂಗಿಸುವ ಕೆಲಸ, ತೋಟವಲ್ಲ.

ತೋಟ ಯಾವಾಗ ಹಾಳಾಯಿತು? ಇದನ್ನು ಹೇಳಬಲ್ಲ ಸಾಕ್ಷಿ ಬಹಳ ಸಲ ಅಲ್ಲೇ ನಿಂತಿರುತ್ತದೆ, ಯಾರೂ ಕೇಳುವುದಿಲ್ಲ ಅಷ್ಟೆ. ತೆಂಗಿನ ಕಾಂಡ ಮಾವಿನಂತೆ ವರ್ಷ ವರ್ಷ ದಪ್ಪವಾಗುವುದಿಲ್ಲ. ಯಾವ ವರ್ಷ ಎಷ್ಟು ದಪ್ಪಕ್ಕೆ ಬೆಳೆಯಿತೋ ಆ ಭಾಗ ಕೊನೆಯ ತನಕ ಅಷ್ಟೇ. ನೀರು ಗೊಬ್ಬರ ನಿಂತ ವರ್ಷದಿಂದ ಮೇಲಿನ ಕಾಂಡ ಸಣ್ಣದಾಗುತ್ತದೆ, ಸೀಸದಕಡ್ಡಿಯ ತುದಿಯಂತೆ. ಕಾಂಡದ ಮೇಲೆ ಗರಿ ಕಳಚಿದ ಉಂಗುರಗಳಿವೆ. ಚೆನ್ನಾಗಿ ನೋಡಿಕೊಂಡ ತೆಂಗು ವರ್ಷಕ್ಕೆ 12ರಿಂದ 14 ಗರಿ ಬಿಡುತ್ತದೆ, ಸೊರಗಿದ ಮರ 8ರಿಂದ 10. ಸಣ್ಣದಾಗಲು ತೊಡಗಿದ ಜಾಗದಿಂದ ಸುಳಿಯ ಬುಡದವರೆಗೆ ಮೊಬೈಲಿನಲ್ಲಿ ದೊಡ್ಡದು ಮಾಡಿ ಉಂಗುರ ಎಣಿಸಿ. 180 ಬಂದರೆ 12ರಿಂದ ಭಾಗಿಸಿ 15 ವರ್ಷ, 8ರಿಂದ ಭಾಗಿಸಿ 22 ವರ್ಷ. ಮರದ ಮೇಲೆ ಇನ್ನೂ ಇರುವ ಗರಿಗಳಿಗಾಗಿ ಎರಡು ಮೂರು ವರ್ಷ ಕೂಡಿಸಿ. ಅಂದರೆ ನೀರು ಕೊಡುವುದು ನಿಂತು ಹದಿನೇಳರಿಂದ ಇಪ್ಪತ್ತೈದು ವರ್ಷ. ಒಂದೇ ಮರವನ್ನು ನಂಬಬೇಡಿ. ರೋಗ ಬಡಿದರೂ ಕಾಂಡ ಸಣ್ಣದಾಗುತ್ತದೆ, ನೆರಳು ಬಿದ್ದರೂ ಆಗುತ್ತದೆ. ಐದು ಮರಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಉಂಗುರದ ಕೆಳಗೆ ಸಣ್ಣದಾಗಿದ್ದರೆ ಕಾರಣ ಬಹುಶಃ ನೀರು ತಪ್ಪಿದ್ದು. ಎತ್ತರ ಅಳೆಯುವುದರಿಂದ ಪ್ರಯೋಜನವಿಲ್ಲ, ಉಂಗುರವನ್ನೇ ಎಣಿಸಬೇಕು. ಮಾವಿನ ಬುಡದ ಸುತ್ತಳತೆ ನೋಡಿ ‘ಮುನ್ನೂರು ವರ್ಷದ ಮರ’ ಎಂದು ಹೇಳುವವರ ಮಾತನ್ನೂ ಬರೆದುಕೊಳ್ಳಬೇಡಿ. ನಮ್ಮ ಹವೆಯಲ್ಲಿ ಮಾವು ನಂಬುವಂಥ ವಾರ್ಷಿಕ ಉಂಗುರ ಕೊಡುವುದಿಲ್ಲ.

ತೋಟ ಯಾವಾಗ ಹುಟ್ಟಿತು ಎಂಬುದು ಇನ್ನೂ ಕಷ್ಟ. ಮೆಟ್ಟಿಲ ಗೋಡೆಯ ಒಳಗೆ ತುಂಬಿದ ಮಣ್ಣಿನಲ್ಲಿ ಮಂಗಳೂರು ಹಂಚಿನ ಚೂರು ಇದ್ದರೆ ಆ ಗೋಡೆ 1865ಕ್ಕಿಂತ ಈಚಿನದು, ಏಕೆಂದರೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಆ ವರ್ಷ. ಆದರೆ ಚೂರು ಗೋಡೆಯ ಮೇಲೆ ಬಿದ್ದಿದ್ದರೆ ಲೆಕ್ಕಕ್ಕಿಲ್ಲ. ಕಲ್ಲುಗಳ ಹಿಂದೆ, ಮಣ್ಣಿನೊಳಗೆ ಸಿಕ್ಕಿಕೊಂಡಿರಬೇಕು. ಗೋಡೆ ಒಮ್ಮೆ ಕುಸಿದು ದುರಸ್ತಿಯಾಗಿರಬಹುದು, ಆದ್ದರಿಂದ ದೂರ ದೂರದ ಮೂರು ಕಡೆ ನೋಡಬೇಕು. ಗೇರು, ಅನಾನಸು, ಪೇರಲ, ಪಪ್ಪಾಯ ಪೋರ್ಚುಗೀಸರ ಕಾಲದಲ್ಲಿ ಅಮೆರಿಕಾ ಖಂಡದಿಂದ ಬಂದವು. ಆದರೆ ಗೇರು ತಾನೇ ಹುಟ್ಟಿ ಹರಡುವ ಮರ, ಅದರಿಂದ ಗೋಡೆಯ ಕಾಲ ಹೇಳಬಾರದು. ಇದ್ದಿಲು ಸಿಕ್ಕರೆ ರೇಡಿಯೋಕಾರ್ಬನ್ ಮಾಡಿಸಬಹುದಲ್ಲ ಎನ್ನುವವರಿದ್ದಾರೆ. ಕಳೆದ ಸುಮಾರು ಮುನ್ನೂರು ವರ್ಷದ ವಸ್ತುವಿಗೆ ಆ ಪರೀಕ್ಷೆ ಒಂದೇ ಉತ್ತರ ಕೊಡುವುದಿಲ್ಲ, ಎರಡು ಮೂರು ಕಾಲಘಟ್ಟಗಳನ್ನು ಒಟ್ಟಿಗೆ ಮುಂದಿಡುತ್ತದೆ. ಮರ ಮಣ್ಣಾದರೂ ತಾಳೆ ಜಾತಿಯ ಎಲೆಯಲ್ಲಿದ್ದ ಮುಳ್ಳುಗುಂಡಿನಂಥ ಸಿಲಿಕಾ ಕಣಗಳು ಮಣ್ಣಿನಲ್ಲಿ ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಕಂಡರೆ ಅಲ್ಲಿ ತಾಳೆ ಜಾತಿಯ ಮರ ಇತ್ತೆನ್ನಬಹುದು. ಅಡಿಕೆಯೋ ತೆಂಗೋ ಎಂದು ಅವುಗಳಿಂದಲೇ ನಿಶ್ಚಯಿಸುವುದು ಕಷ್ಟ. ಅಲ್ಲಿಯೇ ಗುಂಡಿಯ ಅಂತರ ಮತ್ತೆ ನೆರವಿಗೆ ಬರುತ್ತದೆ.

ಮಡಕೆ ಚೂರಿನ ಬಗ್ಗೆ ಒಂದು ಮಾತು. ತೋಟದ ಮಣ್ಣಿನಲ್ಲಿ ಸಣ್ಣ, ಅಂಚು ಸವೆದ ಚೂರುಗಳು ವಿರಳವಾಗಿ ಎಲ್ಲೆಡೆ ಇದ್ದರೆ ಅವು ಅಡುಗೆಮನೆಯ ಕಸ ಗೊಬ್ಬರವಾಗಿ ಬಂದಾಗ ಜೊತೆಗೆ ಬಂದವು. ಅಲ್ಲಿ ಮನೆ ಇರಲಿಲ್ಲ. ದೊಡ್ಡ ಚೂರು, ಹಂಚು, ಸುಣ್ಣದ ಗಾರೆ ಒತ್ತಾಗಿ ಸಿಕ್ಕರೆ ಮನೆ. ತೆಂಗಿನ ಬುಡಗಳ ಸುತ್ತಲೇ ಒಂದೇ ಬಗೆಯ ಮಡಕೆಯ ಚೂರು ಗುಂಪಾಗಿದ್ದು, ಕಾಂಡದಲ್ಲಿ ಕಾಲಿಡಲು ಕಡಿದ ಕಚ್ಚುಗಳಿದ್ದರೆ ಅದು ರೆಂದೇರರು (ಗೋವಾದ ಕಳ್ಳು ಇಳಿಸುವವರು) ಸುರೆ ಇಳಿಸಿದ ಸಾಲು. ಗುಡ್ಡದ ಇಳಿಜಾರಿನ ಬಂಡೆಯಲ್ಲಿ ಕೊರೆದ ಆಳವಿಲ್ಲದ ತೊಟ್ಟಿ, ಒಂದು ಅಂಚಿಗೆ ತೂತು ಇದ್ದರೆ ಅದನ್ನು ‘ಋಷಿಗಳ ಸ್ನಾನದ ಕೊಳ’ ಎಂದು ಹೇಳಿ ಕುಂಕುಮ ಹಚ್ಚುವ ಮುನ್ನ ಸುತ್ತ ಗೇರುಮರ ಇದೆಯೇ ನೋಡಿ. ಗೇರು ಹಣ್ಣನ್ನು ತುಳಿದು ರಸ ತೆಗೆಯುವ ಕೊಳಂಬಿ ಹಾಗೆಯೇ ಇರುತ್ತದೆ. ತೂತಿನ ಕೆಳಗೆ ಕೊಡ ಇಡಲು ತಗ್ಗು ಕೂಡ ಸಿಗುತ್ತದೆ.

ಕಣ್ಣು ಪಳಗಿಸಿಕೊಳ್ಳಲು ಸಾಂಗೆ ತಾಲೂಕಿನ ಕುರ್ಡಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಹಿಂದೂಸ್ತಾನಿ ಗಾಯಕಿ ಮೊಗೂಬಾಯಿ ಕುರ್ಡೀಕರ್ ಅವರ ಊರು ಅದು. ಸಾಳಾವಲಿ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಮುಳುಗಿದ ಈ ಹಳ್ಳಿ ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದಾಗ ಮೇಲೆ ಬರುತ್ತದೆ. ಮನೆಯ ಪಾಯ, ದಾರಿ, ಗಡಿಯ ಗೋಡೆ, ಮರದ ಬೊಡ್ಡೆಗಳು ಎಲ್ಲವೂ ಬಯಲಾಗಿ ಕಾಣುತ್ತವೆ, ಏಕೆಂದರೆ ಪೊದೆ ಬೆಳೆಯಲು ನೀರು ಬಿಡುವುದಿಲ್ಲ, ತರಗೆಲೆಯನ್ನು ಅಲೆ ತೊಳೆದುಬಿಡುತ್ತದೆ. ಗುಡ್ಡದ ಮೇಲೆ ಹತ್ತು ಕಡೆ ಊಹಿಸಬೇಕಾದ್ದನ್ನು ಅಲ್ಲಿ ಒಂದೇ ನೋಟಕ್ಕೆ ಕಾಣಬಹುದು. ನೀರಂಚಿನ ಹಸಿ ಹೂಳಿಗೆ ಮಾತ್ರ ಕಾಲಿಡಬಾರದು. ಅಲ್ಲಿಂದ ಎಬ್ಬಿಸಿದ ಜನ ಪ್ರತಿ ಬೇಸಿಗೆ ತಮ್ಮ ದೇವರ ನೆಲೆಗೆ ಬರುತ್ತಾರೆ. ಅವರ ಅಂಗಳ ಅದು, ಕಲ್ಲು ಚೂರು ಕೂಡ ಎತ್ತಬೇಡಿ.

ಪಾಳು ಕುಳಾಗರಕ್ಕೆ ಇಳಿಯುವಾಗಲೂ ಮುಂದೆ ಕೋಲು ಇರಲಿ. ಜರಿಗಿಡ ದುಂಡಗೆ ಒತ್ತಾಗಿ ಬೆಳೆದ ಕಡೆ ಅಡಿಯಲ್ಲಿ ಬಾಯ್ದೆರೆದ ಬಾವಿ ಇರಬಹುದು. ಗಾರೆಯಿಲ್ಲದೆ ಜೋಡಿಸಿದ ಗೋಡೆಯ ಮೇಲೆ ನಿಲ್ಲಬೇಡಿ. ಏನನ್ನೂ ಅಗೆಯಬೇಡಿ, ನಾಣ್ಯ, ಮೂರ್ತಿ ಸಿಕ್ಕರೆ 1878ರ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮರ ಕಡಿಯಲು 1984ರ ಗೋವಾ ಮರ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕು, ಅದು ಮಾಲೀಕರ ಹೊಣೆ.

ಜಾಗ ಕೊಳ್ಳುವವರು 1 ಮತ್ತು 14ನೆಯ ನಮೂನೆಯ ಉತಾರವನ್ನು (ಗೋವಾದ ಪಹಣಿ) ಮಾಲೀಕನ ಹೆಸರಿಗಾಗಿ ಮಾತ್ರ ಓದುತ್ತಾರೆ. ಅದರಲ್ಲಿ ಒಣಬೇಸಾಯ, ಬಾಗಾಯತ, ಭತ್ತ, ಖಾಜಣ, ಕೇರ್, ಮೊರಡ (ಕೊನೆಯ ಮೂರೂ ಗೋವಾದ ಗದ್ದೆಯ ಬಗೆಗಳು) ಎಂದು ನೆಲವನ್ನು ಬೇರೆ ಬೇರೆ ಅಂಕಣದಲ್ಲಿ ಬರೆದಿರುತ್ತಾರೆ. ಬಾಗಾಯತದ ಅಂಕಣದಲ್ಲಿ ವಿಸ್ತೀರ್ಣ ಇದ್ದು ಕಣ್ಣೆದುರು ಕಾಡು ಕಂಡರೆ, ನೀವು ನಿಂತಿರುವುದು ತೋಟದ ಅವಶೇಷದ ಮೇಲೆ ಇರಬಹುದು. ಅಳತೆ, ಫೋಟೋ, ಕೈಯಲ್ಲಿ ಬರೆದ ನಕ್ಷೆ ಇಷ್ಟನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. 2002ರ ಕಾಯಿದೆಯಂತೆ ಅವರು ಜನತಾ ಜೀವವೈವಿಧ್ಯ ದಾಖಲೆ ಇಡಬೇಕು, ಹಳೆಯ ತೋಟದ ತಳಿ ಅದರಲ್ಲಿ ಸೇರಬೇಕಾದ್ದೇ. ನೆಲದ ನಕ್ಷೆಯ ಒಂದು ಪ್ರತಿ ರಾಜ್ಯ ಪುರಾತತ್ವ ಇಲಾಖೆಗೂ ಹೋಗಲಿ.

ಕೊನೆಯದಾಗಿ ಮಾವಿನ ಮರಗಳ ವಿಷಯ. ಅಂಕೋಲೆಯವರಿಗೆ ಕರಿ ಇಶಾಡ ಹೇಗೋ ಗೋವಾದವರಿಗೆ ಮಾನ್ಕುರಾದ್, ಮುಸರಾದ್, ಫೆರ್ನಾಂದಿನ್ ಹಾಗೆ. ಹಳೆಯ ತೋಟದಲ್ಲಿ ಇವುಗಳ ಜೊತೆ ಹೆಸರಿಲ್ಲದ ಒಳ್ಳೆಯ ತಳಿಗಳೂ ನಿಂತಿರುತ್ತವೆ. ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಕಾಂಡದ ಸುತ್ತ ಉಬ್ಬು ಅಥವಾ ತೊಗಟೆಯ ಬದಲಾವಣೆ, ಕೆಳಮಟ್ಟದಲ್ಲೇ ಕವಲು ಇದ್ದರೆ ಕಸಿ ಮರ. ನೆಟ್ಟಗೆ ಎತ್ತರ ಹೋಗಿದ್ದರೆ ಗೊರಟೆಯಿಂದ ಹುಟ್ಟಿದ್ದು. ಆದರೆ ಗೊರಟೆ ಗಿಡ ಎಂದು ಅಲಕ್ಷಿಸಬೇಡಿ: ಬಪ್ಪಕ್ಕಾಯಿ, ಓಲೂರಿನಂತೆ ಪಶ್ಚಿಮ ಕರಾವಳಿಯ ಕೆಲವು ತಳಿಗಳ ಒಂದೇ ಗೊರಟೆಯಿಂದ ಹಲವು ಸಸಿ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿ ಮರದ ಪಡಿಯಚ್ಚು. ಮರ ಉಳಿಯುವ ಹಾಗಿಲ್ಲದಿದ್ದರೆ ಕಸಿಕಡ್ಡಿಯಾದರೂ ಉಳಿಯಲಿ. ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕುಡಿ ಆರಿಸಿ, ಕತ್ತರಿಸುವ 7ರಿಂದ 10 ದಿನ ಮೊದಲು ತೊಟ್ಟು ಉಳಿಸಿ ಎಲೆ ಸವರಬೇಕು. ಮೊಗ್ಗು ಉಬ್ಬಿದ ಮೇಲೆ 10ರಿಂದ 15 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಕು. ಅದೇ ದಿನ ಕಸಿ ಕಟ್ಟುವುದು ಒಳ್ಳೆಯದು, ಮೂರು ನಾಲ್ಕು ದಿನ ದಾಟಿದರೆ ಕಡ್ಡಿ ಒಣಗುತ್ತದೆ. ಎಲೆ ಸವರದೆ ಕಡಿದು ತಂದ ಕಡ್ಡಿ ಹೆಚ್ಚಾಗಿ ಹತ್ತುವುದಿಲ್ಲ. ಕೊಂಕಣದ ಹವೆಗೆ ಜೂನ್‌ನಿಂದ ಸೆಪ್ಟೆಂಬರ್ ಸರಿಯಾದ ಕಾಲ. ಆದ್ದರಿಂದ ಡಿಸೆಂಬರಿನಲ್ಲಿ ಕೆಲಸ ಹಿಡಿದವರು ಆ ಮರವಿರುವ ಮೂಲೆಯನ್ನು ಮಳೆಗಾಲದವರೆಗೆ ಬಿಟ್ಟು ಉಳಿದ ಕಡೆ ಮಟ್ಟ ಮಾಡಲಿ. ಕಡ್ಡಿ ಕೊಟ್ಟ ಮರಕ್ಕೂ ಕಸಿ ಚೀಲಕ್ಕೂ ನಕ್ಷೆಗೂ ಒಂದೇ ಸಂಖ್ಯೆ ಬರೆಯಿರಿ. ಬಣ್ಣದಲ್ಲಿ ಬರೆಯಿರಿ, ಪೆನ್ನಿನ ಅಕ್ಷರ ಒಂದು ಮಳೆಗೆ ಹೋಗುತ್ತದೆ.

ಇಂತಿ,
ಭೂಮಾಪನ ಮತ್ತು ತೋಟಗಾರಿಕೆ ಕೆಲಸದಲ್ಲಿರುವ ಕೆಲವು ಗೋವಾ ಕನ್ನಡಿಗರು
ಫೋಂಡಾ, ಗೋವಾ